ಕೋಟೆಯ ಕೋತಿ ಯಾವಾಗ ಮನುಷ್ಯ ಆಗುತ್ತೆ?

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ಒಂದು ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹೋದ ತಿಂಗಳು ಎಂಟನೇ ತರಗತಿ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಏಕನಾಥೇಶ್ವರಿ ಗುಡಿಯ ಹತ್ತಿರ ಒಂದು ಕೋತಿ ಹುಡುಗಿಯೊಬ್ಬಳ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು, ಥೇಟ್ ನಮ್ಮ ಹಾಗೇ ಸಿಪ್ಪೆ ಸುಲಿದು ತಿಂದಿತು. ಆ ಹುಡುಗಿ ಕೇಳಿದಳು: "ಮಿಸ್, ಮನುಷ್ಯ ಮಂಗನಿಂದ ಬಂದ ಅಂತಾರಲ್ಲ, ಹಾಗಾದ್ರೆ ಈ ಕೋತಿ ಯಾಕೆ ಇನ್ನೂ ಕೋತಿಯಾಗೇ ಇದೆ? ಇದು ಯಾವಾಗ ಮನುಷ್ಯ ಆಗುತ್ತೆ?" ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಇನ್ನೊಬ್ಬ ಹುಡುಗ, ಆದಿಮಾನವನ ಮೂಳೆ ನಮ್ಮ ಕೋಟೆಯ ಕಲ್ಲಿನೊಳಗೂ ಇರಬಹುದಾ ಎಂದು ಕೇಳಿದ. ಎರಡಕ್ಕೂ ಉತ್ತರ ಬೇಕು. ಕೋತಿಗಳಿಗೆ ತಿಂಡಿ ಕೊಡಬಹುದಾ ಎಂಬುದನ್ನೂ ತಿಳಿಸಿ.

ಉತ್ತರ: ಮೇಡಂ, ನಿಮ್ಮ ಹುಡುಗಿ ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ದಾವಣಗೆರೆಯ ಕಾಲೇಜಿನಲ್ಲಿ ನಾನು ಪಾಠ ಮಾಡಿದಷ್ಟು ವರ್ಷವೂ ತರಗತಿಯಲ್ಲಿ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಿದ್ದರು. ತಪ್ಪು ಅವರದ್ದಲ್ಲ. "ಮನುಷ್ಯ ಮಂಗನಿಂದ ಬಂದ" ಎಂದು ನಾವು ದೊಡ್ಡವರು ಹೇಳಿಕೊಡುತ್ತೇವಲ್ಲ, ಆ ಮಾತೇ ಸೊಟ್ಟಗಿದೆ. ಆ ಮಾತನ್ನು ನಂಬಿದ ಮಗುವಿಗೆ ಈ ಪ್ರಶ್ನೆ ಬರಲೇಬೇಕು. ಬರದಿದ್ದರೆ ಅದು ಯೋಚನೆ ಮಾಡಿಲ್ಲ ಎಂದರ್ಥ.

ನಮ್ಮ ಮನೆತನದ ಕಥೆಯನ್ನೇ ಹೇಳುತ್ತೇನೆ. ನಮ್ಮ ಮುತ್ತಜ್ಜನ ಊರು ಹೊಳಲ್ಕೆರೆ ಕಡೆ. ಅವರ ಇಬ್ಬರು ಮಕ್ಕಳು ಪಾಲಾದರು. ದೊಡ್ಡವರು ಊರಲ್ಲೇ ಉಳಿದು ಅಡಿಕೆ ಹಾಕಿದರು. ಚಿಕ್ಕವರು, ಅಂದರೆ ನಮ್ಮಜ್ಜ, ದಾವಣಗೆರೆಗೆ ಬಂದು ಹತ್ತಿ ಗಿರಣಿ ಸೇರಿದರು. ಇವತ್ತು ದೊಡ್ಡಜ್ಜನ ಮೊಮ್ಮಗ ಮರ ನೋಡಿದ ಕೂಡಲೇ ಎಷ್ಟು ಫಸಲು ಬರುತ್ತೆ ಎಂದು ಹೇಳಿಬಿಡುತ್ತಾನೆ. ನನಗೆ ಅದು ಬರುವುದಿಲ್ಲ. ನಾನು ಅವನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಅವನೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಇಬ್ಬರಿಗೂ ಮುತ್ತಜ್ಜ ಒಬ್ಬರೇ. "ನೀನು ಯಾವಾಗ ಮೇಷ್ಟ್ರಾಗ್ತೀಯ?" ಎಂದು ಅವನನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ಕೋಟೆಯ ಕೋತಿಗೂ ನಮಗೂ ಇರುವುದು ಇದೇ ದಾಯಾದಿ ಸಂಬಂಧ. ಪಾಲಾಗಿದ್ದು ಸುಮಾರು 2.5ರಿಂದ 3 ಕೋಟಿ ವರ್ಷಗಳ ಹಿಂದೆ. ಇಬ್ಬರಿಗೂ ಹಿರಿಯನಾದ ಆ ಪ್ರಾಣಿ ಇವತ್ತು ಭೂಮಿ ಮೇಲೆ ಎಲ್ಲೂ ಇಲ್ಲ. ಅದು ಹೇಗಿದ್ದಿರಬಹುದು ಎಂದು ತಿಳಿಯಲು ಈಜಿಪ್ಟಿನ ಫಯೂಮ್ ಮರಳುಗಾಡಿಗೆ ಹೋಗಬೇಕು. ಸುಮಾರು 3 ಕೋಟಿ ವರ್ಷ ಹಿಂದೆ ಅಲ್ಲಿ ಮರಳಿರಲಿಲ್ಲ, ದಟ್ಟ ಕಾಡಿತ್ತು. ಅಲ್ಲಿ ಸಿಕ್ಕ ಈಜಿಪ್ಟೊಪಿಥೆಕಸ್ ಎಂಬ ಪ್ರಾಣಿಯ ಮೂಳೆಗಳು ಪಾಲಾಗುವುದಕ್ಕೆ ಸ್ವಲ್ಪ ಮುಂಚಿನವು. ಹೆಚ್ಚುಕಡಿಮೆ ನಮ್ಮ ಕೋತಿಯಷ್ಟೇ ದೊಡ್ಡದು, ನಾಲ್ಕು ಕಾಲಿನಲ್ಲಿ ಕೊಂಬೆ ಮೇಲೆ ನಡೆಯುತ್ತಿತ್ತು, ಮಿದುಳು ಬಹಳ ಚಿಕ್ಕದು. ಅದನ್ನು ಕೋತಿ ಎನ್ನಲೂ ಆಗದು, ಮನುಷ್ಯ ಎನ್ನಲಂತೂ ಸಾಧ್ಯವೇ ಇಲ್ಲ.

ಇಲ್ಲಿ ಮಕ್ಕಳಿಗೆ ಒಂದು ಮಾತು ಒತ್ತಿ ಹೇಳಬೇಕು. ಪಾಲಾದ ಮೇಲೆ ನಾವು ಮಾತ್ರ ಬದಲಾಗಿ, ಕೋತಿ ಇದ್ದಲ್ಲೇ ಕೂತಿರಲಿಲ್ಲ. ಅದೂ ಬದಲಾಯಿತು. ನಿಮ್ಮ ಹುಡುಗಿಯ ಬಾಳೆಹಣ್ಣು ಕಿತ್ತ ಕೋತಿಯ ಕೆನ್ನೆಯೊಳಗೆ ಎರಡು ಚೀಲಗಳಿವೆ. ಸಿಕ್ಕಿದ್ದನ್ನು ಮೊದಲು ಅಲ್ಲಿ ತುರುಕಿಕೊಂಡು, ಓಡಿಹೋಗಿ, ಆಮೇಲೆ ಆರಾಮಾಗಿ ಅಗಿಯುತ್ತದೆ. ಇದು ಅವರ ಮನೆತನದಲ್ಲಿ ಹೊಸದಾಗಿ ಬಂದದ್ದು. ಕೋಟೆಯಲ್ಲೇ ಕಾಣುವ ಕರಿಮೂತಿಯ ಮುಸ್ಯನಿಗೆ ಆ ಚೀಲ ಇಲ್ಲ. ಅದರ ಬದಲು ಹೊಟ್ಟೆಯೊಳಗೆ ಹಸುವಿನ ಹಾಗೆ ಕೋಣೆಗಳಿವೆ, ಎಲೆ ಕೊಳೆಸಿ ಜೀರ್ಣ ಮಾಡಿಕೊಳ್ಳಲು. ಬರಗಾಲದಲ್ಲಿ ಬರೀ ಒರಟು ಎಲೆ ತಿಂದು ಬದುಕುವ ಆ ಶಕ್ತಿ ನಮಗಿಲ್ಲ. ಹಾಗಾಗಿ "ಯಾಕೆ ಇನ್ನೂ ಕೋತಿಯಾಗೇ ಇದೆ" ಎಂಬುದಕ್ಕೆ ಉತ್ತರ ಇಷ್ಟೇ: ಅಷ್ಟು ಕೋಟಿ ವರ್ಷ ತೆಗೆದುಕೊಂಡು ಅದು ಕೋತಿ ಆಯಿತು, ನಾವು ಮನುಷ್ಯರಾದೆವು.

ಸಂಬಂಧ ಇದೆ ಅಂತ ಹೇಗೆ ನಂಬೋದು ಎಂದು ಮಕ್ಕಳು ಕೇಳಬಹುದು. ಕೇಳಲಿ. ಸಾಕ್ಷಿ ಅವರ ಬಾಯಲ್ಲೇ ಇದೆ. ಒಂದು ಕನ್ನಡಿ ಕೊಟ್ಟು ಹಲ್ಲು ಎಣಿಸಲು ಹೇಳಿ. ದೊಡ್ಡವರ ಬಾಯಲ್ಲಿ, ನಾಲ್ಕು ಕಡೆಯೂ ಎರಡು ಬಾಚಿ ಹಲ್ಲು, ಒಂದು ಕೋರೆ, ಎರಡು ಮುಂದವಡೆ, ಮೂರು ದವಡೆ ಹಲ್ಲು. ಒಟ್ಟು 32. ಕೋತಿಗೂ ಇದೇ ಲೆಕ್ಕ, ಇದೇ ಕ್ರಮ. ಮುಸ್ಯನಿಗೂ ಹಾಗೇ. ನಾಯಿಗೆ 42. ತುಮಕೂರಿನ ನಾಗವಲ್ಲಿ ಕಡೆ ಹುಣಸೆ ಮರಗಳಲ್ಲಿ ರಾತ್ರಿ ಓಡಾಡುವ ಕಾಡುಪಾಪ ಗೊತ್ತಲ್ಲ? ಅದೂ ನಮ್ಮದೇ ಪ್ರೈಮೇಟ್ ಬಳಗ, ಅಂದರೆ ಕೋತಿ, ಮುಸ್ಯ, ಮನುಷ್ಯ ಎಲ್ಲ ಸೇರಿದ ದೊಡ್ಡ ಬಳಗ, ಆದರೆ ಬಹಳ ಹಿಂದೆ, 6 ಕೋಟಿ ವರ್ಷಕ್ಕೂ ಮುಂಚೆ ಪಾಲಾದ ಮನೆ. ಅದಕ್ಕೆ 36 ಹಲ್ಲು. ನೆಂಟಸ್ತಿಕೆ ದೂರವಾದಷ್ಟೂ ಲೆಕ್ಕ ಬೇರೆಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಇನ್ನೊಂದಿದೆ. ಮೇಕೆ, ನಾಯಿ, ಇಲಿ, ಇವೆಲ್ಲ ವಿಟಮಿನ್ ಸಿ ಅನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಕಾಡುಪಾಪವೂ ಅದರ ಬಳಗವೂ ಅಷ್ಟೇ. ನಮಗೆ ಆಗುವುದಿಲ್ಲ. ನಿಂಬೆ, ನೆಲ್ಲಿ, ಪೇರಲ ತಿನ್ನದಿದ್ದರೆ ಒಸಡಲ್ಲಿ ರಕ್ತ ಬರುತ್ತದೆ. ಅದನ್ನು ತಯಾರಿಸುವ ಜೀನ್, ಅಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ಸೂಚನೆಯ ತುಣುಕು, ನಮ್ಮೊಳಗೆ ಇದೆ, ಆದರೆ ಮುರಿದು ಬಿದ್ದಿದೆ. ಕೋತಿ, ಮುಸ್ಯ, ಚಿಂಪಾಂಜಿ ಎಲ್ಲರಲ್ಲೂ ಅದೇ ಜೀನ್ ಮುರಿದಿದೆ. ಕೆಲಸಕ್ಕೆ ಬಾರದ ಈ ಮುರುಕು ಪಾತ್ರೆ ಇಷ್ಟೂ ಮನೆಗಳಲ್ಲಿ ಹೇಗೆ ಬಂತು? ಹಳೇ ಮನೆಯಿಂದ ಎಲ್ಲರೂ ತಂದುಕೊಂಡಿದ್ದಾರೆ, ಅಷ್ಟೇ. ನಮ್ಮೆಲ್ಲರ ಹಿರಿಯರು ಹಣ್ಣು, ಎಲೆ ತಿಂದುಕೊಂಡೇ ಇದ್ದದ್ದರಿಂದ ಜೀನ್ ಕೆಟ್ಟಾಗ ಯಾರಿಗೂ ತೊಂದರೆಯಾಗಲಿಲ್ಲ. ಕೋಟೆಯ ಗುಡ್ಡದಲ್ಲಿ ಸೀತಾಫಲ ಹಣ್ಣಾದಾಗ ಕೋತಿಯೂ ನೀವೂ ಒಂದೇ ಕಾರಣಕ್ಕೆ ಅದನ್ನು ತಿನ್ನಬೇಕು.

ಡಿಎನ್‌ಎ ಲೆಕ್ಕವೂ ಇದನ್ನೇ ಹೇಳುತ್ತದೆ. ಡಿಎನ್‌ಎ ಅಂದರೆ ಜೀನ್‌ಗಳನ್ನೆಲ್ಲ ಅಕ್ಷರಗಳ ಹಾಗೆ ಸಾಲಾಗಿ ಬರೆದಿಟ್ಟ ಉದ್ದನೆಯ ಎಳೆ. ಪಕ್ಕಪಕ್ಕ ಇಟ್ಟು ಹೋಲಿಸಬಹುದಾದ ಭಾಗದಲ್ಲಿ ಚಿಂಪಾಂಜಿಗೂ ನಮಗೂ 100 ಅಕ್ಷರಕ್ಕೆ ಸುಮಾರು 99 ಒಂದೇ. ಉತ್ತರ ಭಾರತದ ರೀಸಸ್ ಕೋತಿಗೂ ನಮಗೂ ಸುಮಾರು 93. ರೀಸಸ್ ಅಂದರೆ ಕೋಟೆಯಲ್ಲಿರುವ ನಮ್ಮ ಟೋಪಿಗೂದಲಿನ ಕೋತಿಯ ಹತ್ತಿರದ ನೆಂಟ. ಇದರಿಂದ ಒಂದು ಸ್ವಾರಸ್ಯದ ವಿಷಯ ಹೊರಡುತ್ತದೆ. ಚಿಂಪಾಂಜಿ ನೋಡಲು ಕೋತಿಯ ಹಾಗೆ ಕಂಡರೂ, ಅದಕ್ಕೆ ಕೋತಿಗಿಂತ ಹತ್ತಿರದ ನೆಂಟರು ನಾವು.

ಹಾಗಾದರೆ ಬಾಲ ಎಲ್ಲಿ ಹೋಯಿತು? ಇದನ್ನು ಮಕ್ಕಳು ಖಂಡಿತ ಕೇಳುತ್ತಾರೆ. ಪಾಲಾದ ಮೇಲೆ ನಮ್ಮ ಕಡೆಯವರು ಬಾಲ ಕಳೆದುಕೊಂಡರು. ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ನಾವು, ಇಷ್ಟು ಜನಕ್ಕೂ ಬಾಲ ಇಲ್ಲ. ಕನ್ನಡದಲ್ಲಿ ಇವರನ್ನೂ ಕೋತಿಯನ್ನೂ ಸೇರಿಸಿ ಸುಮ್ನೆ "ಮಂಗ" ಎಂದುಬಿಡುತ್ತೇವೆ. ಗೊಂದಲದ ಮೂಲ ಅರ್ಧ ಅಲ್ಲೇ ಇದೆ. ಕೆನ್ಯಾದ ರುಸಿಂಗಾ ದ್ವೀಪದಲ್ಲಿ 1948ರಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಲೀಕಿ ನಮ್ಮ ಕಡೆಯ ಒಂದು ಹಳೇ ಪ್ರಾಣಿಯ ತಲೆಬುರುಡೆ ಕಂಡರು, ಸುಮಾರು 1.8 ಕೋಟಿ ವರ್ಷ ಹಳೆಯದು. ಆ ದ್ವೀಪದಲ್ಲಿ ಆಮೇಲೆ ಸಿಕ್ಕ ಅದೇ ಬಳಗದ ಮೂಳೆಗಳನ್ನು ನೋಡಿದರೆ ಅಷ್ಟು ಹೊತ್ತಿಗೇ ಬಾಲ ಹೋಗಿತ್ತು ಎಂದು ಗೊತ್ತಾಗುತ್ತದೆ. ನಾವು ತಾಯಿಯ ಹೊಟ್ಟೆಯಲ್ಲಿ ಸುಮಾರು ಐದು ವಾರದವರಿದ್ದಾಗ ನಮಗೂ ಒಂದು ಪುಟ್ಟ ಬಾಲ ಇರುತ್ತದೆ. ಎಂಟು ವಾರದ ಹೊತ್ತಿಗೆ ಕರಗುತ್ತದೆ. ಉಳಿಯುವುದು ಬೆನ್ನುಮೂಳೆಯ ತುದಿಯಲ್ಲಿ ಬೆಸೆದುಕೊಂಡ ಕೆಲವು ಪುಟ್ಟ ಮೂಳೆ, ಜಾರಿ ಬಿದ್ದಾಗ ಪ್ರಾಣ ಹೋಗುವ ಹಾಗೆ ನೋಯುತ್ತದಲ್ಲ, ಅದು. ಅಮೆರಿಕದಲ್ಲಿ ಓದುತ್ತಿದ್ದ ಬೋ ಶಿಯಾ ಎಂಬ ವಿದ್ಯಾರ್ಥಿಗೆ ಆ ಮೂಳೆಗೇ ಪೆಟ್ಟು ಬಿತ್ತು. ನಮಗೆ ಬಾಲ ಯಾಕಿಲ್ಲ ಎಂದು ಅವರು ಹುಡುಕಲು ಶುರುಮಾಡಿದರು. 2024ರಲ್ಲಿ ಉತ್ತರ ಅಚ್ಚಾಯಿತು. ಬಾಲ ಬೆಳೆಸುವ ಒಂದು ಜೀನ್‌ನ ನಡುವೆ ಸುಮಾರು 300 ಅಕ್ಷರದ ಒಂದು ತುಂಡು ಬಂದು ಸೇರಿಕೊಂಡಿದೆ. ಬಾಲವಿಲ್ಲದವರಲ್ಲಿ ಅದು ಇದೆ, ಕೋತಿಗಳಲ್ಲಿ ಇಲ್ಲ. ಅದು ಮಾಡುವ ಬದಲಾವಣೆಯನ್ನೇ ಇಲಿಗಳಲ್ಲಿ ಮಾಡಿ ನೋಡಿದಾಗ ಮೋಟುಬಾಲದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವು.

ಚಿತ್ರದುರ್ಗದವರಿಗೆ ಇನ್ನೊಂದು ಉದಾಹರಣೆ ಕೈಯಲ್ಲೇ ಇದೆ. ಬರಿಗೈಯಲ್ಲಿ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್ ಅವರನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ. ಜನ ಪ್ರೀತಿಯಿಂದ ಕೋತಿರಾಜ್ ಎನ್ನುತ್ತಾರೆ. ಆದರೆ ಅವರು ಒಂದೇ ಕೈಯಲ್ಲಿ ನೇತಾಡುವಾಗ ಭುಜವನ್ನು ಗಮನಿಸಿ. ಕೋತಿಯ ಎದೆ ನಾಯಿಯ ಎದೆಯಂತೆ ಇಕ್ಕಟ್ಟು, ಆಳ. ಹೆಗಲ ಮೂಳೆ ಪಕ್ಕೆಗೆ ಅಂಟಿಕೊಂಡಿರುತ್ತದೆ. ಅದು ಕೊಂಬೆಯ ಮೇಲೆ ನಡೆಯುವ ಪ್ರಾಣಿ. ನಮ್ಮ ಎದೆ ಅಗಲ, ಹೆಗಲ ಮೂಳೆ ಬೆನ್ನಿನ ಮೇಲಿದೆ, ತೋಳು ಪೂರ್ತಿ ಸುತ್ತು ತಿರುಗುತ್ತದೆ. ಇದು ಕೊಂಬೆಯ ಕೆಳಗೆ ನೇತಾಡುತ್ತಿದ್ದ ಬಾಲವಿಲ್ಲದವರ ಭುಜ. ಅಸ್ಸಾಂ ಕಡೆಯ ಕಾಡಿನಲ್ಲಿ ಹೂಲಾಕ್ ಗಿಬ್ಬನ್ ಇದೆ, ಭಾರತದಲ್ಲಿ ಮನುಷ್ಯನನ್ನು ಬಿಟ್ಟರೆ ಉಳಿದಿರುವ ಬಾಲವಿಲ್ಲದ ಬಳಗ ಅದೊಂದೇ. ಜ್ಯೋತಿರಾಜ್ ಅವರ ತೋಳು ತಿರುಗುವ ರೀತಿ ಅದಕ್ಕೆ ಹತ್ತಿರ. ತರಗತಿಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ನೆಟ್ಟಗೆ ಕೈ ಎತ್ತುತ್ತಾರಲ್ಲ, ಅದೂ ಆ ಭುಜದಿಂದಲೇ.

ಈಗ ಮೂಳೆಯ ಪ್ರಶ್ನೆಗೆ ಬರೋಣ. ಕೋಟೆಯ ಕಲ್ಲಿನಲ್ಲಿ ಸಿಗುವುದಿಲ್ಲ. ಕಾರಣ, ಆ ಕಲ್ಲು ತೀರಾ ಹಳೆಯದು. ಚಿತ್ರದುರ್ಗದ ಗ್ರಾನೈಟ್ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಿಂದಿನವು, ನೆಲದಾಳದಲ್ಲಿ ಕುದಿಯುತ್ತಿದ್ದ ಕಲ್ಲು ತಣಿದು ಗಟ್ಟಿಯಾದದ್ದು. ಹತ್ತಿರದ ಮರಡಿಹಳ್ಳಿಯಲ್ಲಿ ತಲೆದಿಂಬು ಪೇರಿಸಿಟ್ಟ ಹಾಗೆ ಕಾಣುವ ಲಾವಾ ಬಂಡೆಗಳಿವೆ, ನೀರಿನೊಳಗೆ ಉಕ್ಕಿ ತಣಿದವು, ಅವೂ ಅಷ್ಟೇ ಹಳೆಯವು. ಆಗ ಭೂಮಿಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಿಟ್ಟರೆ ಬೇರೆ ಜೀವವೇ ಇರಲಿಲ್ಲ, ಇನ್ನು ಮೂಳೆ ಎಲ್ಲಿಂದ ಬರಬೇಕು? ಪಳೆಯುಳಿಕೆ ಆಗಬೇಕಾದರೆ ಸತ್ತ ಪ್ರಾಣಿಯನ್ನು ಹೊಳೆಯ ಮಣ್ಣು, ಹೂಳು ಬೇಗ ಮುಚ್ಚಬೇಕು, ಆ ಹೂಳು ಕಲ್ಲಾಗಬೇಕು. ನಮ್ಮ ದೇಶದಲ್ಲಿ ಅಂಥ ಜಾಗಗಳು ಬೇರೆ ಕಡೆ ಇವೆ. ಗುಜರಾತಿನ ಸೂರತ್ ಹತ್ತಿರ ವಸ್ತಾನ್ ಕಲ್ಲಿದ್ದಲು ಗಣಿಯಲ್ಲಿ ಸುಮಾರು 5.4 ಕೋಟಿ ವರ್ಷ ಹಳೆಯ ಪುಟ್ಟ ಪ್ರೈಮೇಟ್‌ಗಳ ದವಡೆಗಳು ಸಿಕ್ಕಿವೆ. ಜಮ್ಮುವಿನ ರಾಮನಗರದಲ್ಲಿ ಒಂದೇ ಒಂದು ದವಡೆ ಹಲ್ಲು ಸಿಕ್ಕಿತು, ಸುಮಾರು 1.3 ಕೋಟಿ ವರ್ಷದ್ದು, ಗಿಬ್ಬನ್ ಬಳಗದ್ದು. 2020ರಲ್ಲಿ ಅದಕ್ಕಿಟ್ಟ ಹೆಸರು ಕಪಿ. ಹೌದು, ನಮ್ಮ ಕಪಿಯೇ. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಇದೆ ಎಂಬ ಮಾತು ನಮ್ಮ ಕೋಟೆಯಲ್ಲಿ ಹಿಂದಿನಿಂದ ಇದೆ. ಆ ಕಥೆ ಕೇಳಿ ಬೆಳೆದ ಮಕ್ಕಳಿಗೆ, ಒಂದು ಹಲ್ಲಿನಿಂದ ಪ್ರಾಣಿಯ ಗುರುತು ಹಿಡಿಯುತ್ತಾರೆ ಎಂದರೆ ಬೇಗ ಹಿಡಿಸುತ್ತದೆ.

ಆದರೆ ಹಲ್ಲು, ದವಡೆ ಮೋಸವನ್ನೂ ಮಾಡುತ್ತವೆ. ನಾನು ಇದನ್ನು ಅನುಭವಿಸಿದವನು. ನಾನು ಧಾರವಾಡದಲ್ಲಿ ಓದುವಾಗ ನಮ್ಮ ನೋಟ್ಸಿನ ಮೊದಲ ಸಾಲೇ ರಾಮಾಪಿಥೆಕಸ್. 1932ರಲ್ಲಿ ಎಡ್ವರ್ಡ್ ಲೂಯಿಸ್ ಎಂಬ ಅಮೆರಿಕದ ತರುಣ ಹಿಮಾಚಲದ ಹರಿತಲ್ಯಾಂಗರ್‌ನಲ್ಲಿ ಮೇಲ್ದವಡೆಯ ಒಂದು ತುಂಡು ಕಂಡ. ರಾಮನ ಹೆಸರಿಟ್ಟ. ಕೋರೆ ಹಲ್ಲಿನ ಜಾಗ ಚಿಕ್ಕದು, ದವಡೆ ನಮ್ಮದರಂತೆ ಬಿಲ್ಲಿನ ಆಕಾರ ಎಂದು ತೋರಿತು. 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್, ಡೇವಿಡ್ ಪಿಲ್ಬೀಮ್ ಎಂಬ ದೊಡ್ಡ ವಿದ್ವಾಂಸರು, ಇದೇ ಮನುಷ್ಯನ ದಾರಿಯ ಮೊದಲ ಪ್ರಾಣಿ ಎಂದರು. ಅಂದರೆ ಮನುಷ್ಯ ಶುರುವಾಗಿದ್ದು ಒಂದೂವರೆ ಕೋಟಿ ವರ್ಷದ ಹತ್ತಿರ, ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿ! ಓದುವಾಗ ನಮಗೆಲ್ಲ ಎಷ್ಟು ಹೆಮ್ಮೆಯಾಗಿತ್ತು ಎಂದು ಈಗಲೂ ನೆನಪಿದೆ.

ತೊಡಕು ಎಲ್ಲಿತ್ತು ಎಂದರೆ, ದವಡೆಯ ನಡುವಿನ ಭಾಗವೇ ಸಿಕ್ಕಿರಲಿಲ್ಲ. ಎರಡು ಪಕ್ಕದ ತುಂಡನ್ನು ಜೋಡಿಸುವಾಗ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಊಹೆಯಿಂದ ತುಂಬಿದ್ದರು. 1967ರಲ್ಲಿ ವಿನ್ಸೆಂಟ್ ಸಾರಿಚ್, ಅಲನ್ ವಿಲ್ಸನ್ ಎಂಬ ಇಬ್ಬರು ಮೂಳೆ ಮುಟ್ಟದೆ ರಕ್ತ ನೋಡಿದರು. ರಕ್ತದ ಒಂದು ಪ್ರೋಟೀನ್ ಹೋಲಿಸಿ, ಮನುಷ್ಯ, ಚಿಂಪಾಂಜಿ ಪಾಲಾಗಿ ಬರೀ 50 ಲಕ್ಷ ವರ್ಷ ಆಗಿದೆ ಎಂದರು. ಮೂಳೆಯವರು ಒಪ್ಪಲಿಲ್ಲ. ವರ್ಷಗಟ್ಟಲೆ ಜಗಳವಾಯಿತು. ಕೊನೆಗೆ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ರಾಮಾಪಿಥೆಕಸ್‌ನ ಹತ್ತಿರದ ಬಳಗವಾದ ಶಿವಾಪಿಥೆಕಸ್‌ನ ಮುಖದ ಮೂಳೆ ಸಿಕ್ಕಿತು. 1982ರಲ್ಲಿ ಅದನ್ನು ಬರೆದು ಪ್ರಕಟಿಸಿದವರು ಪಿಲ್ಬೀಮ್ ಅವರೇ. ಮುಖ ಥೇಟ್ ಒರಾಂಗುಟಾನ್ ತರ. ರಾಮಾಪಿಥೆಕಸ್ ಬೇರೆ ಪ್ರಾಣಿಯೇ ಅಲ್ಲ, ಚಿಕ್ಕ ಮೈಯ, ಬಹುಶಃ ಹೆಣ್ಣು ಶಿವಾಪಿಥೆಕಸ್ ಎಂಬ ತೀರ್ಮಾನಕ್ಕೆ ಬಂದರು. ತಾನು ವರ್ಷಗಟ್ಟಲೆ ಹೇಳಿದ್ದನ್ನು ಮೂಳೆ ಕಂಡ ಮೇಲೆ ತಾನೇ ಬದಲಿಸಿದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ನಿಮ್ಮ ಶಾಲೆಯ ಲೈಬ್ರರಿಯಲ್ಲಿ ಹಳೆಯ ಪುಸ್ತಕ ಇದ್ದು, ಅದರಲ್ಲಿ ರಾಮಾಪಿಥೆಕಸ್ ಮೊದಲ ಮಾನವ ಎಂದಿದ್ದರೆ, ದಯವಿಟ್ಟು ಪೆನ್ಸಿಲಿನಲ್ಲಿ ತಿದ್ದಿ.

ನಮ್ಮ ದಾರಿ ಬೇರೆಯಾದದ್ದು ಆಫ್ರಿಕಾದಲ್ಲಿ. ಚಿಂಪಾಂಜಿ, ಗೊರಿಲ್ಲಾ ಇರುವ ಕಡೆಯೇ ನಮ್ಮ ಹಿರಿಯರೂ ಇದ್ದಿರಬೇಕು ಎಂದು ಡಾರ್ವಿನ್ 1871ರಲ್ಲೇ ಊಹಿಸಿದ್ದರು. ಈಗಿನ ಲೆಕ್ಕದಲ್ಲಿ ಚಿಂಪಾಂಜಿಯಿಂದ ಪಾಲಾಗಿದ್ದು ಸುಮಾರು 60ರಿಂದ 70 ಲಕ್ಷ ವರ್ಷದ ಹಿಂದೆ. ಆಮೇಲೆ ಮೊದಲು ಬದಲಾದದ್ದು ಮಿದುಳು ಎಂದು ಹೆಚ್ಚಿನವರು ತಿಳಿದಿದ್ದಾರೆ. ಮೊದಲು ಬದಲಾದದ್ದು ಕಾಲು. ತಾಂಜಾನಿಯಾದ ಲೇಟೋಲಿಯಲ್ಲಿ ಜ್ವಾಲಾಮುಖಿಯ ಒದ್ದೆ ಬೂದಿಯ ಮೇಲೆ ನಡೆದು ಹೋದವರ ಹೆಜ್ಜೆ ಉಳಿದಿದೆ, ಸುಮಾರು 36 ಲಕ್ಷ ವರ್ಷ ಹಳೆಯದು. ಎರಡು ಕಾಲಿನ ನಡಿಗೆ, ನಮ್ಮದೇ ಹೆಬ್ಬೆರಳು. 1974ರಲ್ಲಿ ಇಥಿಯೋಪಿಯಾದಲ್ಲಿ ಮೂಳೆ ಸಿಕ್ಕ, ಲೂಸಿ ಎಂದು ಹೆಸರಿಟ್ಟ ಆದಿಮಾನವ ಹೆಣ್ಣಿನ ಎತ್ತರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ತಲೆಬುರುಡೆ ಚಿಂಪಾಂಜಿಯದಷ್ಟೇ, ಆದರೆ ಸೊಂಟ, ಮಂಡಿ ನಡೆಯುವವರದು. ದೊಡ್ಡ ಮಿದುಳು ಬಂದದ್ದು ಎಷ್ಟೋ ಕಾಲದ ಮೇಲೆ. ಇವತ್ತಿನ ನಮ್ಮ ಜಾತಿಯ ಮನುಷ್ಯರಿಗೆ ಸುಮಾರು 3 ಲಕ್ಷ ವರ್ಷ.

ನಿಮ್ಮ ಜಿಲ್ಲೆಯ ಮಟ್ಟಿಗೆ, ಮೂಳೆ ಸಿಕ್ಕಿರುವುದು ಇದರ ಕೊನೇ ಗಳಿಗೆಯದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ದೊಡ್ಡ ಕಲ್ಲುಗಳ ಗೋರಿಗಳೊಳಗೆ ಮನುಷ್ಯರ ಮೂಳೆಗಳು ಸಿಕ್ಕವು. ಅವು ನಮ್ಮ ನಿಮ್ಮಂಥವರದೇ. ಆ ಹುಡುಗನನ್ನು ಒಮ್ಮೆ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ. ಅಶೋಕನ ಶಾಸನವೂ ಅಲ್ಲೇ ಇದೆ.

ಹಾಗಾದರೆ ಕೋತಿ ಮುಂದೆ ಮನುಷ್ಯ ಆಗುವುದೇ ಇಲ್ಲವಾ? ಇಲ್ಲ. ವಿಕಾಸಕ್ಕೆ ಇಂಥ ಊರಿಗೇ ಹೋಗಬೇಕು ಎಂಬ ಬೋರ್ಡು ಇಲ್ಲ. ಹುಟ್ಟಿದ ಮರಿಗಳಲ್ಲಿ ಆ ಜಾಗಕ್ಕೆ, ಆ ಕಾಲಕ್ಕೆ ಒಗ್ಗಿದವು ಹೆಚ್ಚು ಮರಿ ಮಾಡುತ್ತವೆ, ಅವುಗಳ ಗುಣ ಉಳಿಯುತ್ತದೆ. ನಮ್ಮ ಹಿರಿಯರು ದಾಟಿದ ಅದೇ ಕಾಡು, ಅದೇ ಬರ, ಅದೇ ಅದೃಷ್ಟ ಮತ್ತೆ ಅದೇ ಸಾಲಿನಲ್ಲಿ ಬರುವುದಿಲ್ಲ. ಕೋತಿ ಮುಂದೆ ಬದಲಾದರೆ ಬೇರೆ ಬಗೆಯ ಕೋತಿ ಆಗಬಹುದು. ಉಳಿದರೆ. ದಕ್ಷಿಣ ಭಾರತ ಬಿಟ್ಟು ಜಗತ್ತಿನ ಬೇರೆಲ್ಲೂ ಸಹಜವಾಗಿ ಇಲ್ಲದ ಈ ಕೋತಿಯನ್ನು ಈಗ ಅಪಾಯದ ಅಂಚಿನ ಪಟ್ಟಿಗೆ ಸೇರಿಸಿದ್ದಾರೆ. ಕೋಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ದಿನಾ ನೋಡುವ ನಮಗೆ ಇದು ನಂಬಲು ಕಷ್ಟ.

ಇದರಿಂದಲೇ ತಿಂಡಿಯ ಪ್ರಶ್ನೆಗೂ ಉತ್ತರ ಬರುತ್ತದೆ. ಕೊಡಬೇಡಿ. ನೆಂಟಸ್ತಿಕೆ ಹತ್ತಿರ ಇದ್ದರೆ ರೋಗವೂ ಸುಲಭವಾಗಿ ದಾಟುತ್ತದೆ. ನಮ್ಮ ಕ್ಷಯ ಅವಕ್ಕೆ ಹೋಗಬಹುದು. ಪಕ್ಕದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ನೋಡಿ. ಉಣುಗು ಕಚ್ಚಿದರೆ ಅದೇ ವೈರಸ್ ಮುಸ್ಯನಿಗೂ ಕೋತಿಗೂ ಮನುಷ್ಯನಿಗೂ ಬರುತ್ತದೆ. ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಮಲೆನಾಡಿನಲ್ಲಿ ಹೇಳುವುದು ಅದಕ್ಕೇ. ಕೋತಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರೇಬಿಸ್ ಲಸಿಕೆ ಬೇಕಾಗುತ್ತದೆ.

ಮುಂದಿನ ಸಲ ಹೋದಾಗ ಬಾಳೆಹಣ್ಣು ಬಸ್ಸಿನಲ್ಲೇ ಇರಲಿ. ಹುಡುಗಿಯನ್ನು ಸ್ವಲ್ಪ ದೂರ ಕೂರಿಸಿ, ಕೆನ್ನೆ ಚೀಲ ತುಂಬಿಕೊಂಡ ಒಂದು ಕೋತಿಯನ್ನು ಹತ್ತು ನಿಮಿಷ ನೋಡಲು ಹೇಳಿ. ಚೀಲ ಖಾಲಿ ಮಾಡುವಾಗ ಅದು ಕೈಯ ಹಿಂಭಾಗದಿಂದ ಕೆನ್ನೆಯನ್ನು ಒತ್ತಿ ಒತ್ತಿ ಕಾಳನ್ನು ಬಾಯಿಗೆ ತಳ್ಳಿಕೊಳ್ಳುತ್ತದೆ. ಆಗ ಕೈಯನ್ನು ಸರಿಯಾಗಿ ಕಾಣಬಹುದು. ಚಪ್ಪಟೆ ಉಗುರು, ಗೆರೆಗಳಿರುವ ಅಂಗೈ, ಗಿಡ್ಡ ಹೆಬ್ಬೆರಳು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ತನ್ನ ಕೈ ಇಟ್ಟು ಪೆನ್ಸಿಲಿನಿಂದ ಸುತ್ತು ಎಳೆಯಲಿ. ಆ ಹಾಳೆಯನ್ನು ನನಗೂ ಕಳಿಸಿ.